ಬಿಗ್‌ಫುಟ್ ಎಷ್ಟು ಎತ್ತರ? ಮೊದಲು ಕ್ಯಾಮೆರಾದ ವೇಗ ಹೇಳಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಡುಗಳಲ್ಲಿದೆ ಎನ್ನಲಾಗುವ ದೈತ್ಯ ವಾನರ ‘ಬಿಗ್‌ಫುಟ್’ನ ಚಲನಚಿತ್ರ ತುಣುಕು ಮತ್ತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಈ ಸಲ ಅದಕ್ಕೆ ‘ಎಐ ಬಳಸಿ ಸ್ಪಷ್ಟಗೊಳಿಸಿದ್ದು’ ಎಂಬ ಹಣೆಪಟ್ಟಿ ಬೇರೆ. ತೊಡೆಯ ಸ್ನಾಯು ಅದುರುವುದು ಕಾಣುತ್ತದೆ, ಆದ್ದರಿಂದ ಅದು ವೇಷವಲ್ಲ, ನಿಜವಾದ ವಾನರ ಎಂಬುದು ವಾದ. ವೇಷವೋ ಅಲ್ಲವೋ ಎಂಬ ಜಗಳ ಆಮೇಲಿರಲಿ. ಆ ರೀಲಿನಿಂದ ಏನನ್ನು ಅಳೆಯಬಹುದು ಎಂದು ಮೊದಲು ನೋಡೋಣ.

1967ರ ಅಕ್ಟೋಬರ್ 20ರಂದು ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ರೋಜರ್ ಪ್ಯಾಟರ್ಸನ್ ತೆಗೆದ ಚಿತ್ರ ಅದು. ಜೊತೆಗಿದ್ದವರು ಬಾಬ್ ಗಿಮ್ಲಿನ್. ಬಾಡಿಗೆಗೆ ತಂದ, ಸ್ಪ್ರಿಂಗ್‌ನಿಂದ ಓಡುವ ಕೊಡಕ್ ಕೆ-100 ಕ್ಯಾಮೆರಾ, 16 ಎಂ.ಎಂ. ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮಿನ ರೀಲು. ಕಪ್ಪು ಕೂದಲಿನ ಆಕೃತಿ ಇರುವುದು ಸುಮಾರು 954 ಫ್ರೇಮುಗಳಲ್ಲಿ. ಅಡಿಗೆ 40 ಫ್ರೇಮಿನಂತೆ ಅದು 24 ಅಡಿಯೂ ಆಗುವುದಿಲ್ಲ. ನಡೆಯುತ್ತಲೇ ಬಲಕ್ಕೆ ತಿರುಗಿ ನೋಡುವ ಪ್ರಸಿದ್ಧ ಭಂಗಿ 352ನೇ ಫ್ರೇಮಿನದು.

ತೊಡಕು ಶುರುವಾಗುವುದು ವೇಗದಲ್ಲಿ. ಆ ಕ್ಯಾಮೆರಾದಲ್ಲಿ ಸೆಕೆಂಡಿಗೆ 16ರಿಂದ 64 ಫ್ರೇಮಿನವರೆಗೆ ವೇಗ ಬದಲಿಸಬಹುದಿತ್ತು. ಅಂದು ಎಷ್ಟಿತ್ತು ಎಂಬುದನ್ನು ಪ್ಯಾಟರ್ಸನ್ ಖಚಿತವಾಗಿ ಹೇಳಲಿಲ್ಲ. ಸಾಮಾನ್ಯವಾಗಿ 24ರಲ್ಲಿ ತೆಗೆಯುತ್ತಿದ್ದೆ, ಆಮೇಲೆ ನೋಡಿದರೆ 18ರಲ್ಲಿತ್ತು ಎಂಬುದು ಅವರ ಮಾತಿನ ಸಾರ. 24 ಆದರೆ ಇಡೀ ನಡಿಗೆ 40 ಸೆಕೆಂಡಿನದು, 18 ಆದರೆ 53, 16 ಆದರೆ ಒಂದು ನಿಮಿಷದ್ದು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ಅಧ್ಯಯನ) ತಜ್ಞ ಡೊನಾಲ್ಡ್ ಗ್ರೀವ್ 1970ರ ದಶಕದ ಆರಂಭದಲ್ಲೇ ಇದನ್ನು ಲೆಕ್ಕ ಹಾಕಿದರು: 24ರಲ್ಲಿ ತೆಗೆದಿದ್ದರೆ ಇದು ಮನುಷ್ಯನ ನಡಿಗೆಯೇ ಆಗಬಹುದು, 16 ಅಥವಾ 18 ಆಗಿದ್ದರೆ ಮನುಷ್ಯನದಕ್ಕಿಂತ ಬೇರೆ. ಬೆಂಬಲಿಗರು ಇದರ ಎರಡನೆಯ ಅರ್ಧವನ್ನಷ್ಟೇ ಉಲ್ಲೇಖಿಸುವುದು ರೂಢಿ.

ವೇಗ ಏಕೆ ಇಷ್ಟು ಮುಖ್ಯ? ಬೀಸುವ ಕಾಲು ಲೋಲಕದ ಹಾಗೆ. ಉದ್ದ ಹೆಚ್ಚಿದಷ್ಟೂ ತೂಗುವುದು ನಿಧಾನ, ಅದೂ ಉದ್ದದ ವರ್ಗಮೂಲದ ಪ್ರಮಾಣದಲ್ಲಿ. 24ರಲ್ಲಿ ತೆಗೆದದ್ದನ್ನು 16ರಲ್ಲಿ ತೋರಿಸಿದರೆ ಚಲನೆ ಒಂದೂವರೆ ಪಟ್ಟು ನಿಧಾನವಾಗುತ್ತದೆ. ಹಾಗೆ ತೂಗಲು ಕಾಲು 2.25 ಪಟ್ಟು ಉದ್ದವಿರಬೇಕು. ನೋಡುವ ಕಣ್ಣು ಈ ಲೆಕ್ಕವನ್ನು ತನಗೆ ತಿಳಿಯದಂತೆಯೇ ಹಾಕಿಕೊಂಡು ‘ಅಬ್ಬಾ, ಎಂಥ ಭಾರಿ ಪ್ರಾಣಿ’ ಎನ್ನುತ್ತದೆ. ಪುಟ್ಟ ಮಾದರಿ ಹಡಗನ್ನು ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ ಸಿನಿಮಾದವರು ದೊಡ್ಡ ಹಡಗು ಮಾಡುವುದೂ ಹೀಗೆಯೇ. ವಾಟ್ಸ್‌ಆ್ಯಪ್ ತುಣುಕುಗಳಂತೂ ಸ್ಲೋ ಮೋಷನ್‌ನಲ್ಲೇ ಬರುತ್ತವೆ!

ಇನ್ನು ಎತ್ತರ. ಫಿಲ್ಮಿನ ಮೇಲಿನ ಅಳತೆಯನ್ನು ದೂರದಿಂದ ಗುಣಿಸಿ ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ನಿಜವಾದ ಅಳತೆ ಸಿಗುತ್ತದೆ. ಆ 352ನೇ ಫ್ರೇಮಿಗೆ ಸಾಮಾನ್ಯವಾಗಿ ಹೇಳುವ ದೂರ 102 ಅಡಿ, ಅಂದರೆ 31 ಮೀಟರ್. ಲೆನ್ಸು 25 ಮಿ.ಮೀ. ದೂರದ ಅಂದಾಜು ಶೇ 10ರಷ್ಟು ತಪ್ಪಿದರೆ ಎತ್ತರವೂ ಶೇ 10ರಷ್ಟು ತಪ್ಪುತ್ತದೆ, ಆರೂವರೆ ಅಡಿಯವನು ಏಳು ದಾಟುತ್ತಾನೆ. ಲೆನ್ಸಿನ ಬಗ್ಗೆಯೂ ಒಮ್ಮತವಿಲ್ಲ. ಅದು 25 ಮಿ.ಮೀ. ಹೌದೇ ಎಂದು ಪ್ರಶ್ನೆ ಎತ್ತಿದ ಬಿಲ್ ಮನ್ಸ್ ಈ ಚಿತ್ರ ನಿಜವೆಂದು ನಂಬುವ ಮೇಕಪ್ ಕಲಾವಿದರು. ‘ಹೆಜ್ಜೆಗುರುತು 14.5 ಇಂಚು, ಅದನ್ನೇ ಅಳತೆಗೋಲು ಮಾಡಿ’ ಎನ್ನುವವರಿದ್ದಾರೆ. ಮೇಲಿನ ದೂರ, ಲೆನ್ಸುಗಳನ್ನೇ ಹಿಡಿದರೆ ಅಷ್ಟು ಉದ್ದದ ಪಾದ ಫಿಲ್ಮಿನ ಮೇಲೆ ಬರೇ 0.3 ಮಿ.ಮೀ. ಎರಡೂ ತುದಿಯ ಮಸುಕಿನಲ್ಲಿ ತಲಾ 0.02 ಮಿ.ಮೀ. ತಪ್ಪಿದರೂ ಶೇ 13ರ ದೋಷ. ಇಂಥ ಕೋಲಿನಿಂದ ಅಳೆದು 7 ಅಡಿ 4 ಇಂಚು ಎಂದು ಇಂಚಿನವರೆಗೆ ಹೇಳುವುದು ಮೂಗಿಗಿಂತ ಮೂಗುತಿ ಭಾರ ಎಂಬಂತೆ.

ಇದೇ ಲೆಕ್ಕದಲ್ಲಿ ದೇಹದ ಮೇಲಿನ ಒಂದು ಸೆಂಟಿಮೀಟರ್ ಫಿಲ್ಮಿನ ಮೇಲೆ 0.008 ಮಿ.ಮೀ. ಕೈಯಲ್ಲಿ ಹಿಡಿದು ಓಡುತ್ತಾ ತೆಗೆದ ಚಿತ್ರದಲ್ಲಿ, ಫಿಲ್ಮಿನ ಕಣಗಳ ನಡುವೆ, ಇಷ್ಟು ಸಣ್ಣ ವಿವರ ಉಳಿಯುವುದಿಲ್ಲ. ಹಾಗಾಗಿ ‘ವೇಷದ ಜಿಪ್ ಕಾಣುವುದಿಲ್ಲ’ ಎಂಬುದು ಪುರಾವೆಯಲ್ಲ, ಇದ್ದರೂ ಕಾಣುತ್ತಿರಲಿಲ್ಲ. ಮೇಲಾಗಿ ಈಗ ಹರಿದಾಡುವುದು ನಕಲಿನ ನಕಲು, ಮೂಲ ರೀಲು ಪತ್ತೆಯಿಲ್ಲ. ಎಐ ಮಾಡುವುದು ಇಷ್ಟೇ: ಬೇರೆ ಲಕ್ಷಾಂತರ ಚಿತ್ರಗಳಲ್ಲಿ ಕಂಡ ತುಪ್ಪಳ, ಸ್ನಾಯುಗಳನ್ನು ಮಸುಕಿನ ಮೇಲೆ ಬರೆಯುವುದು. ಅಕ್ಕಪಕ್ಕದ ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸಿ ವಿವರ ಹೊರತೆಗೆಯುವ ಪ್ರಾಮಾಣಿಕ ವಿಧಾನವೊಂದಿದೆ. ಅದು ನಿಂತ ಮರಕ್ಕೆ ಸರಿ, ನಡೆಯುವ ತೊಡೆಗೆ ಸುಲಭವಲ್ಲ.

‘ಅಷ್ಟು ಅಗಲದ ಭುಜ ಮನುಷ್ಯನಿಗೆ ಇರಲಾರದು’ ಎನ್ನುವವರು ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಬಿಚ್ಚುವಾಗ ಒಮ್ಮೆ ನೋಡಬೇಕು. ಮಂಡಿ ಬಗ್ಗಿಸಿ ತೇಲಿದಂತೆ ನಡೆಯುವುದೂ ಅಸಾಧ್ಯವೇನಲ್ಲ. ಮಾನವಶಾಸ್ತ್ರಜ್ಞರಾದ ಡೇವಿಡ್ ಡೇಗ್ಲಿಂಗ್ ಮತ್ತು ಡೇನಿಯಲ್ ಷ್ಮಿಟ್ 1999ರಲ್ಲಿ ಈ ಬಗ್ಗೆ ಬರೆದಿದ್ದಾರೆ. ಬೇಕೆಂದಾಗ ಮನುಷ್ಯರೂ ಹಾಗೆ ನಡೆಯಬಲ್ಲರು. ಬಿಗ್‌ಫುಟ್ ಇದ್ದೀತು ಎಂದು ಒಪ್ಪಿದ್ದ ಪ್ರೈಮೇಟ್ (ಕೋತಿ, ವಾನರ, ಮನುಷ್ಯರ ವರ್ಗ) ತಜ್ಞ ಜಾನ್ ನೇಪಿಯರ್ ಕೂಡ ಈ ಚಿತ್ರವನ್ನು ನಂಬಲಿಲ್ಲ: ಮೇಲರ್ಧ ವಾನರನದು, ಕೆಳಗರ್ಧ ಮನುಷ್ಯನದು, ಹೆಣ್ಣಿನ ಮೊಲೆಯ ಜೊತೆಗೆ ಗಂಡು ಗೊರಿಲ್ಲಾಗಳಲ್ಲಿ ಎದ್ದುಕಾಣುವ ನೆತ್ತಿಯ ಏಣು. ಮೊಲೆಯುಳ್ಳ ಬಿಗ್‌ಫುಟ್‌ನ ಚಿತ್ರವಂತೂ ಪ್ಯಾಟರ್ಸನ್ 1966ರಲ್ಲಿ ತಾವೇ ಪ್ರಕಟಿಸಿದ ಪುಸ್ತಕದಲ್ಲಿತ್ತು.

ಇನ್ನೊಂದು ಗಂಟು ಫಿಲ್ಮು ತೊಳೆಯುವ ಸಂಸ್ಕರಣೆಯದು. ಚಿತ್ರ ತೆಗೆದದ್ದು ಶುಕ್ರವಾರ ಮಧ್ಯಾಹ್ನ, ದೂರದ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ನೋಡಿದ್ದು ಭಾನುವಾರ. ಕೊಡಾಕ್ರೋಮ್ ಅನ್ನು ಮನೆಯ ಕತ್ತಲೆಕೋಣೆಯಲ್ಲಿ ತೊಳೆಯಲು ಬರುವುದಿಲ್ಲ. ಮೂರು ಬಣ್ಣಗಳನ್ನು ಒಂದೊಂದಾಗಿ ಕೂರಿಸುವ ವಿಶೇಷ ಯಂತ್ರ ಬೇಕು. ಆ ವಾರಾಂತ್ಯದಲ್ಲಿ ಅದನ್ನು ಯಾರು, ಎಲ್ಲಿ ತೊಳೆದರು ಎಂಬುದಕ್ಕೆ ದಾಖಲೆಯಿಲ್ಲ.

ಸಂದೇಹವಾದಿಗಳಿಗೂ ಒಂದು ಮಾತು. ‘ವೇಷದೊಳಗೆ ಇದ್ದವನು ನಾನೇ’ ಎಂದ ಬಾಬ್ ಹೈರಾನಿಮಸ್, ‘ಗೊರಿಲ್ಲಾ ವೇಷ ಮಾರಿದ್ದು ನಾನು’ ಎಂದ ಫಿಲಿಪ್ ಮಾರಿಸ್ ಇಬ್ಬರ ಹೇಳಿಕೆಯನ್ನೂ ಒಟ್ಟಿಗೆ ಮುಂದಿಡುವುದು ಜಾಣತನವಲ್ಲ. ಒಬ್ಬರದು ಕುದುರೆ ಚರ್ಮದ ವೇಷ, ಇನ್ನೊಬ್ಬರದು ಕೃತಕ ನಾರಿನದು. ಚಿತ್ರಕ್ಕೆ ಕೇಳುವಷ್ಟೇ ಪುರಾವೆಯನ್ನು ತಪ್ಪೊಪ್ಪಿಗೆಗೂ ಕೇಳಬೇಕು.

ನಮ್ಮ ನಾಗರಹೊಳೆಯಲ್ಲಿ 1990ರ ದಶಕದಿಂದ ಹುಲಿ ಎಣಿಸುವಾಗ ಹಾದಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಇಡುತ್ತಾರೆ. ಎಡ, ಬಲದ ಪಟ್ಟೆಗಳು ಬೇರೆಬೇರೆ. ಒಂದೇ ಮಗ್ಗುಲಿನ ಚಿತ್ರ ಸಿಕ್ಕರೆ ಯಾವ ಹುಲಿಯೆಂದು ಗುರುತಿಸುವುದು ಕಷ್ಟ. ಇದೆಯೆಂದು ಎಲ್ಲರಿಗೂ ಗೊತ್ತಿರುವ ಪ್ರಾಣಿಗೇ ಇಷ್ಟು ಕಟ್ಟುನಿಟ್ಟು.

ಬ್ಲಫ್ ಕ್ರೀಕ್‌ನಲ್ಲಿ ಅಷ್ಟೂ ಬೇಕಿರಲಿಲ್ಲ. ಪ್ಯಾಟರ್ಸನ್ ಅದೇ ದಿನ ಇನ್ನೊಂದು ರೀಲು ಹಾಕಿ ಹೆಜ್ಜೆಗುರುತುಗಳನ್ನು ಚಿತ್ರೀಕರಿಸಿದರು. ವೇಗದ ಗುಂಡಿ ಮುಟ್ಟದೆ, ನಾಲ್ಕು ಅಡಿ ಎತ್ತರದಿಂದ ಒಂದು ಕಲ್ಲು ಬೀಳುವುದನ್ನು ಅದೇ ರೀಲಿನಲ್ಲಿ ಹಿಡಿದಿದ್ದರೆ ಸಾಕಿತ್ತು. ಕಲ್ಲು ನೆಲ ಮುಟ್ಟಲು ಅರ್ಧ ಸೆಕೆಂಡು: 24ರ ವೇಗವಾದರೆ 12 ಫ್ರೇಮು, 16 ಆದರೆ 8.

ಇಂತಿ,
ಓದುಗ, ಮೈಸೂರು