ಲೋಳೆ ತೊಳೆಯುವ ಕೆಲಸ

ಡ್ರೆಸ್ಡೆನ್, ಜರ್ಮನಿ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ, ಅಪ್ಪ,

ನಾನು ಚೆನ್ನಾಗಿದ್ದೇನೆ. ತೀರ್ಥಹಳ್ಳಿ ಕಡೆ ಮಳೆ ಜೋರಂತೆ. ಅಪ್ಪ, ಅಡಿಕೆಗೆ ಎರಡನೇ ಸಲದ ಬೋರ್ಡೋ ಔಷಧಿ ಹೊಡೆಸಿ ಆಯ್ತಾ? ಮರ ಹತ್ತುವವರು ಸಿಕ್ಕಿದರಾ?

ಅಮ್ಮ, ಹೋದ ವಾರ ಫೋನಿನಲ್ಲಿ ನೀನು "ಅಷ್ಟು ದೂರ ಹೋಗಿ ಮಾಡೋದೇನು?" ಅಂತ ಕೇಳಿದೆ. ನಾನು "ಲೋಳೆ ತೊಳೆಯೋದು" ಅಂದೆ. ಇಬ್ಬರೂ ನಕ್ಕಿರಿ. ನಾನು ಸುಮ್ನೆ ಹೇಳಿದ್ದಲ್ಲ, ನಿಜವಾಗಿ ಅದೇ ಕೆಲಸ.

ಎಲೆಕೋಸಿಗೆ ಕಪ್ಪು ಕೊಳೆ ರೋಗ ತರುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಸಾಂಥೋಮೊನಾಸ್ ಅಂತ. ಸಕ್ಕರೆ ನೀರು ಕೊಟ್ಟು, 28 ಡಿಗ್ರಿಯಲ್ಲಿಟ್ಟು, ಗಾಳಿ ಊದುತ್ತಾ ಕಲಕುತ್ತಿದ್ದರೆ ಎರಡು ಮೂರು ದಿನದಲ್ಲಿ ಲೋಳೆ ಬಿಡುತ್ತದೆ. ಅದೇ ಕ್ಸಾಂಥನ್ ಗಮ್, ಸಾಸ್ ಮಂದವಾಗಲು ಹಾಕುವ ಅಂಟು. ಸಾಸ್ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ 415 ಅಂತ ಇದ್ದರೆ ಅದು ಇದೇ. ಅಮೆರಿಕದಲ್ಲಿ 1969ರಲ್ಲೇ ತಿನ್ನುವ ಪದಾರ್ಥಕ್ಕೆ ಹಾಕಲು ಒಪ್ಪಿಗೆ ಸಿಕ್ಕಿದೆ, ಹೆದರಬೇಡ.

ಲೋಳೆ ಮಾಡುವುದು ಬ್ಯಾಕ್ಟೀರಿಯಾದ ಪಾಲು. ಅದರಿಂದ ಬ್ಯಾಕ್ಟೀರಿಯಾವನ್ನೇ ಹೊರಗೆ ಹಾಕುವುದು ನನ್ನ ಪಾಲು. ಲೀಟರಿಗೆ 25-30 ಗ್ರಾಂ ಗಮ್ ಇದ್ದರೆ ಸಾಕು, ನೀನು ತಲೆಗೆ ಹಚ್ಚುವ ದಾಸವಾಳ ಸೊಪ್ಪಿನ ಗೊಂಪಿಗಿಂತ ಮಂದ. ಸೋಸಲು ಹೋದರೆ ಬಟ್ಟೆ ಬಿಟ್ಟು ಇಳಿಯುವುದಿಲ್ಲ. ಅದಕ್ಕೇ ಮೊದಲು ಬಿಸಿ ಮಾಡುತ್ತೇವೆ. ಬ್ಯಾಕ್ಟೀರಿಯಾ ಸಾಯುತ್ತದೆ, ಬಿಸಿಯಲ್ಲಿ ಲೋಳೆಯೂ ತೆಳುವಾಗುತ್ತದೆ. ನೀರು ಬೆರೆಸಿ, ಗರಗರ ತಿರುಗುವ ಯಂತ್ರಕ್ಕೆ ಹಾಕಿದರೆ ಸತ್ತದ್ದೆಲ್ಲ ತಳ ಸೇರುತ್ತದೆ. ಆಲೆಮನೆಯಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಮಡ್ಡಿ ತೆಗೆಯುತ್ತಾರಲ್ಲ? ಅಲ್ಲಿ ಲೋಳೆ ಕೊಳೆ ತೆಗೆಯುತ್ತದೆ. ಇಲ್ಲಿ ಲೋಳೆಯದ್ದೇ ಕೊಳೆ ತೆಗೆಯಬೇಕು.

ಆಮೇಲಿನದು ನೋಡಲು ಚೆಂದ. ತಿಳಿಯಾದ ಲೋಳೆಗೆ ಚೂರು ಪೊಟ್ಯಾಸಿಯಂ ಉಪ್ಪು ಹಾಕಿ, ಕಲಕುತ್ತಾ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟರೆ ಗಮ್ ಬಿಳಿ ಎಳೆ ಎಳೆಯಾಗಿ ಮೇಲೇಳುತ್ತದೆ, ಒತ್ತು ಶ್ಯಾವಿಗೆಯ ಹಾಗೆ. ಬಣ್ಣ, ಉಳಿದ ಸಕ್ಕರೆ ಜಾಸ್ತಿ ಪಾಲು ದ್ರವದಲ್ಲೇ ಉಳಿಯುತ್ತದೆ. ಉಪ್ಪು ಹಾಕಿದರೆ ಆಲ್ಕೋಹಾಲ್ ಕಮ್ಮಿ ಸಾಕು. ಆದರೂ ಲೋಳೆಯ ಎರಡು ಪಟ್ಟು ಬೇಕೇ ಬೇಕು. ಖರ್ಚೆಲ್ಲ ಅದಕ್ಕೇ. ಭಟ್ಟಿ ಇಳಿಸಿ ಮತ್ತೆ ಬಳಸುತ್ತೇವೆ. (ಅಪ್ಪ, ಇದು ಕುಡಿಯುವ ಜಾತಿಯದಲ್ಲ.)

ಮೊದಲ ಸಲ ನಾನು ಅವಸರ ಮಾಡಿ ಎಲ್ಲಾ ಒಂದೇ ಸಲ ಸುರಿದೆ. ಗಂಟು ಕಟ್ಟಿತು, ಥೇಟ್ ನಾನು ಮಾಡಿದ ಮುದ್ದೆ! ಹೊರಗೆ ಗಟ್ಟಿ, ಒಳಗೆ ಹಸಿ ಲೋಳೆ. ಅದನ್ನು ಬೇಗ ಒಣಗಿಸೋಣ ಅಂತ ಓವನ್ನಿನ ಶಾಖ ಏರಿಸಿದೆ. ಬೆಳಿಗ್ಗೆ ನೋಡಿದರೆ ಜೋನಿ ಬೆಲ್ಲದ ಬಣ್ಣ. ನೀರಿಗೆ ಹಾಕಿದರೆ ಸರಿಯಾಗಿ ಕರಗಲೂ ಇಲ್ಲ. ನಮ್ಮ ಮೇಡಂ ಬೈಯಲಿಲ್ಲ. ಆ ಪುಡಿಯನ್ನು ಒಂದು ಸೀಸೆಗೆ ತುಂಬಿ ನನ್ನ ಮೇಜಿನ ಮೇಲಿಟ್ಟರು. ಇನ್ನೂ ಅಲ್ಲೇ ಇದೆ.

ಈಗ ತಾಳ್ಮೆಯಿಂದ ಸುರಿಯುತ್ತೇನೆ. ಮೊನ್ನೆಯದು ಒಳ್ಳೆ ಕೆನೆ ಬಣ್ಣ ಬಂತು.

ಈ ಕಡೆ ಬರುವವರು ಯಾರಾದರೂ ಸಿಕ್ಕಿದರೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸು. ಜೋನಿ ಬೆಲ್ಲ ಬೇಡಮ್ಮ, ಹೋದ ಸಲ ಪೆಟ್ಟಿಗೆಯಲ್ಲೇ ಸೋರಿ ಸ್ವೆಟರಿಗೆಲ್ಲ ಮೆತ್ತಿತ್ತು.

ನಿಮ್ಮ ಮಗಳು