ಬೀಗರು ಬರುವ ಮುಂಚೆ

ದಾವಣಗೆರೆ

ಮಗಳೇ,

ಹೇಳಿಬಿಡು. ಮದುವೆಗೆ ಮೊದಲೇ ಹೇಳಿಬಿಡು. "ದೇವರನ್ನು ನಂಬಲ್ಲ ಅಂತ ಹುಡುಗನ ಅಪ್ಪ ಅಮ್ಮನಿಗೆ ಈಗಲೇ ಹೇಳಬೇಕಾ, ಇಲ್ಲ ಆಮೇಲೆ ತಾನಾಗೇ ಗೊತ್ತಾಗಲಿ ಅಂತ ಬಿಡಲಾ" ಅಂತ ಕೇಳಿದ್ದೆಯಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಫೋನಿನಲ್ಲಿ ಹೇಳಿದ್ದರೆ ನೀನು ಅವರು ಬರುವ ಭಾನುವಾರಕ್ಕೆ ಒಂದು ಭಾಷಣ ತಯಾರು ಮಾಡಿಕೊಂಡು ಬಸ್ ಹತ್ತುತ್ತಿದ್ದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ಅದಕ್ಕೇ ಈ ಪತ್ರ.

ನಿಮ್ಮಮ್ಮನ ಮಾತು ಬೇರೆ. "ಸುಮ್ನೆ ಯಾಕೆ ರಾದ್ಧಾಂತ? ಒಂದು ದೀಪ ಹಚ್ಚಿದರೆ ಇವಳ ಕೈ ಸವೆಯುತ್ತಾ?" ಅನ್ನುತ್ತಾಳೆ. ಕೈ ಸವೆಯುವುದಿಲ್ಲ, ನಿಜ. ಆದರೆ ಒಂದು ದೀಪಕ್ಕೆ ಮುಗಿಯುವ ವಿಷಯವಲ್ಲ ಇದು. ಆ ಮನೆಯವರ ಮನೆದೇವರು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ. ಜಾತ್ರೆಗೆ ತಪ್ಪದೆ ಹೋಗಿ ಕೊಬ್ಬರಿ ಸುಟ್ಟು ಬರುವವರು. ಸೋಮವಾರ ಒಪ್ಪತ್ತು ಮಾಡುವವರು. ಇವತ್ತು ದೀಪ, ನಾಳೆ ವ್ರತ, ಆಮೇಲೆ ಮಗುವಿನ ಜವಳ. ಅಷ್ಟು ದೂರ ಹೋದ ಮೇಲೆ ನೀನು ಬಾಯಿ ಬಿಟ್ಟರೆ, ದೇವರಿಲ್ಲ ಅಂದದ್ದಕ್ಕಿಂತ ಇಷ್ಟು ದಿನ ನಮ್ಮ ಮುಂದೆ ನಾಟಕ ಆಡಿದಳಲ್ಲ ಅನ್ನೋದೇ ಅವರಿಗೆ ಜಾಸ್ತಿ ನೋವು ಕೊಡುತ್ತದೆ.

ಒಂದು ವಿಷಯದಲ್ಲಿ ನಿನ್ನ ಸಿಟ್ಟು ಸರಿ. ನಂಬುವವರು ತಾವು ನಂಬುತ್ತೇವೆ ಅಂತ ಯಾರಿಗೂ ಹೇಳುವ ಗೋಜಿಗೇ ಹೋಗುವುದಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಾಗಿರುತ್ತದೆ. ನನ್ನನ್ನೇ ನೋಡು. ಹಣೆ ಮೇಲೆ ವಿಭೂತಿ ಹಚ್ಚಿಕೊಂಡೇ ಕೆಲಸ ಮುಗಿಸಿ ರಿಟೈರ್ ಆದೆ. "ಯಾಕ್ರೀ ಹಚ್ಚಿಕೊಂಡಿದ್ದೀರಾ" ಅಂತ ಒಬ್ಬರೂ ಕೇಳಲಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಇಡೀ ಊರು ಉಧೋ ಉಧೋ ಅನ್ನುತ್ತದೆ, ರಸ್ತೆ ಬಂದ್ ಆಗುತ್ತದೆ, ಮನೆ ತುಂಬ ನೆಂಟರು. ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಧ್ವನಿವರ್ಧಕ ಹಾಕಬಾರದು ಅಂತ 2000ದಿಂದ ನಿಯಮ ಇದೆ. ಗುಡಿಯಾಗಲಿ ಮಸೀದಿಯಾಗಲಿ ಅದನ್ನು ಎಷ್ಟು ಪಾಲಿಸುತ್ತವೆ ಅನ್ನುವುದನ್ನು ನಮ್ಮ ಓಣಿಯ ಕೂಸುಗಳೇ ಹೇಳುತ್ತವೆ, ಪಾಪ.

ಅದೇ ನೀನು "ನಂಗೆ ನಂಬಿಕೆ ಇಲ್ಲ" ಅಂತ ಮೆಲ್ಲಗೆ ಅಂದರೂ ಸಾಕು, ಅದು ಸುದ್ದಿ. ಹೋದ ಸಲ ದೊಡ್ಡಪ್ಪನ ಮನೆ ಗೃಹಪ್ರವೇಶದಲ್ಲಿ ಮಂಗಳಾರತಿ ತಟ್ಟೆ ಬಂದಾಗ ನೀನು ಕೈ ಚಾಚಲಿಲ್ಲ, ಅಷ್ಟೇ. ಬಾಯಿ ಸಹ ಬಿಟ್ಟಿರಲಿಲ್ಲ. "ಓದಿದ ಸೊಕ್ಕು" ಅಂದರು. ಈ ಮಾತು ನಿನಗೊಬ್ಬಳಿಗೇ ಬಂದದ್ದಲ್ಲ ಬಿಡು. ಭಗತ್ ಸಿಂಗ್‌ನನ್ನೂ ಹೀಗೇ ಅಂದಿದ್ದರು, ಹೆಸರು ಬಂದ ಸೊಕ್ಕಿನಿಂದ ದೇವರನ್ನು ಬಿಟ್ಟಿದ್ದಾನೆ ಅಂತ. ತಾನು ಯಾಕೆ ನಾಸ್ತಿಕ ಅಂತ ಅವನು 1930ರಲ್ಲಿ ಲಾಹೋರಿನ ಜೈಲಿನಲ್ಲಿ ಕೂತು ಬರೆದದ್ದು ಆ ಮಾತಿಗೆ ಉತ್ತರವಾಗಿ. ಈಗ ನಮ್ಮೂರ ಆಟೋಗಳಲ್ಲಿ ಮುಂದೆ "ಶ್ರೀ ದುಗ್ಗಮ್ಮ ಪ್ರಸನ್ನ", ಹಿಂದೆ ಭಗತ್ ಸಿಂಗ್. ಇಬ್ಬರಿಗೂ ಒಂದೇ ಹೂವಿನ ಹಾರ ಕತ್ತರಿಸಿ ಹಾಕಿರುತ್ತಾರೆ.

2011ರ ಜನಗಣತಿಯಲ್ಲಿ ನಾಸ್ತಿಕರು ಅಂತ ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ. 121 ಕೋಟಿ ಜನರಲ್ಲಿ! ಇರುವುದೇ ಅಷ್ಟು ಜನ ಅಂದರೆ ನಾನು ನಂಬಲಾರೆ. ಗಣತಿಯವರು ಬಂದಾಗ ಮನೆ ಯಜಮಾನ ಬಾಗಿಲಲ್ಲಿ ನಿಂತು ಎಲ್ಲರ ಧರ್ಮವನ್ನೂ ಒಂದೇ ಉಸಿರಿಗೆ ಹೇಳಿ ಕಳಿಸುತ್ತಾನೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಒಳಗಿದ್ದ ನಿನ್ನನ್ನು ಯಾರು ಕೇಳಿದರು?

ಇರಲಿ. ಹೇಗೆ ಹೇಳಬೇಕು ಅನ್ನುವುದಕ್ಕೆ ಬರುತ್ತೇನೆ. ನಾನು ಅದನ್ನು ಕಲಿತದ್ದು ಕೋರ್ಟಿನಲ್ಲಿ.

ಚಿತ್ರದುರ್ಗದಲ್ಲಿ ಕೆಲಸಕ್ಕೆ ಸೇರಿದವನು, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದ ಮೇಲೆ ಇಲ್ಲಿಗೆ ಬಂದೆ. ಬೆಂಚ್ ಕ್ಲರ್ಕ್ ಆಗಿದ್ದಷ್ಟೂ ಕಾಲ ಸಾಕ್ಷಿಗಳಿಂದ ಪ್ರಮಾಣ ಮಾಡಿಸುವುದು ನನ್ನ ಕೆಲಸ. ಸಿನಿಮಾದಲ್ಲಿ ತೋರಿಸುವ ಹಾಗೆ ಭಗವದ್ಗೀತೆ ಮೇಲೆ ಕೈ ಇಡಿಸುವುದೆಲ್ಲ ಇಲ್ಲ. "ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ" ಅಂತ ನಾನು ಹೇಳಿಕೊಡುತ್ತಿದ್ದೆ, ಅವರು ಹೇಳುತ್ತಿದ್ದರು. ಬದುವಿನ ಜಗಳಕ್ಕೆ ಬಂದ ಅಜ್ಜಂದಿರು ಮೊದಲು ಎರಡೂ ಕೈ ಎತ್ತಿ ಮುಗಿದು, ಆಮೇಲೆ ಬಾಯಿ ತೆರೆಯುತ್ತಿದ್ದರು. ಯಾವಾಗಲೋ ಒಬ್ಬರು, ಮೇಷ್ಟ್ರೋ ಯೂನಿಯನ್ನಿನವರೋ, ನನ್ನ ಕಡೆ ಬಗ್ಗಿ "ದೇವರ ಹೆಸರು ಬೇಡ ಸಾರ್" ಅನ್ನುತ್ತಿದ್ದರು. ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. 1969ರ ಪ್ರಮಾಣಗಳ ಕಾಯ್ದೆ ಎರಡೂ ದಾರಿ ಕೊಟ್ಟಿದೆ: ದೇವರ ಹೆಸರಿನಲ್ಲಿ, ಇಲ್ಲವೇ ಸತ್ಯನಿಷ್ಠೆಯಿಂದ. ನಾನು ಆ ಎರಡು ಪದ ಬದಲಾಯಿಸಿ ಹೇಳಿಕೊಡುತ್ತಿದ್ದೆ. ಸಾಹೇಬರು ಫೈಲಿನಿಂದ ತಲೆ ಎತ್ತದೆ "ಹೂಂ, ಮುಂದೆ" ಅನ್ನುತ್ತಿದ್ದರು. ಯಾಕೆ ಬೇಡ, ಯಾವಾಗಿನಿಂದ ಬೇಡ, ನಿಮ್ಮಪ್ಪ ಏನಂತಾರೆ, ಯಾವ ಪ್ರಶ್ನೆಯೂ ಇಲ್ಲ. ಸಾಕ್ಷಿಯೂ ಅಷ್ಟೇ. ತನ್ನ ಒಂದು ಸಾಲು ಹೇಳಿ ಕೇಸಿನ ವಿಷಯಕ್ಕೆ ಹೋಗುತ್ತಿದ್ದ. ಪಕ್ಕದಲ್ಲಿ ಕೈ ಮುಗಿದ ಅಜ್ಜನಿಗೆ ಬುದ್ಧಿ ಹೇಳಲು ನಿಲ್ಲುತ್ತಿರಲಿಲ್ಲ.

ಸುಳ್ಳು ಸಾಕ್ಷಿಗೆ ಏಳು ವರ್ಷದ ತನಕ ಜೈಲು ಆಗಬಹುದು, ಇಬ್ಬರಿಗೂ ಅಷ್ಟೇ. ದೇವರ ಹೆಸರು ಹೇಳಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದವರನ್ನು ನೋಡಿದ್ದೇನೆ. ದೇವರ ಹೆಸರು ಬೇಡ ಅಂದು ಅಷ್ಟೇ ಚೆನ್ನಾಗಿ ಸುಳ್ಳು ಹೇಳಿದವರನ್ನೂ ನೋಡಿದ್ದೇನೆ. ಹೊರಗೆ ಜಗಲಿಯಲ್ಲಿ ಮಾತ್ರ ಬೇರೆಯೇ ಕಾನೂನು: "ಗಂಡಸಾದ್ರೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡ್ಲಿ ನೋಡಾಣ!"

ಈ ಎರಡು ದಾರಿ ಸುಮ್ನೆ ಸಿಕ್ಕಿದ್ದಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಅಂತ ಒಬ್ಬ ನಾಸ್ತಿಕ 1880ರಲ್ಲಿ ಪಾರ್ಲಿಮೆಂಟಿಗೆ ಗೆದ್ದ. ದೇವರ ಹೆಸರಿಲ್ಲದೆ ಪ್ರಮಾಣ ಮಾಡುತ್ತೇನೆ ಅಂದ, ಬಿಡಲಿಲ್ಲ. ಆಯಿತು, ನಿಮ್ಮ ಮಾತಿನಲ್ಲೇ ಮಾಡುತ್ತೇನೆ ಅಂದ, ನೀನು ನಂಬುವುದೇ ಇಲ್ಲವಲ್ಲ ಅಂತ ಅದಕ್ಕೂ ಬಿಡಲಿಲ್ಲ. ಜನ ಅವನನ್ನು ಮತ್ತೆ ಮತ್ತೆ ಗೆಲ್ಲಿಸಿದರು. ಕೊನೆಗೆ ಒಳಗೆ ಕೂತದ್ದು 1886ರಲ್ಲಿ. ಎರಡು ವರ್ಷದ ಮೇಲೆ ಕಾನೂನೇ ಬದಲಾಯಿತು. ನಮ್ಮ ಸಂವಿಧಾನ ಬರೆಯುವಾಗಲೂ ಹೀಗೊಂದು ದಿನ ಬಂದಿತ್ತು. 1949ರ ಅಕ್ಟೋಬರಿನಲ್ಲಿ ಎಚ್.ವಿ. ಕಾಮತ್ ಪೀಠಿಕೆಯನ್ನು ದೇವರ ಹೆಸರಿನಿಂದ ಶುರು ಮಾಡೋಣ ಅಂದರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಪರ 41, ವಿರುದ್ಧ 68. ಆ 68 ಜನರೆಲ್ಲ ನಾಸ್ತಿಕರು ಅಂದುಕೊಂಡೀಯ. ಬಹಳ ಮಂದಿ ಮನೆಯಲ್ಲಿ ಪೂಜೆ ಮಾಡುವವರೇ. ನಾನು ನಂಬುತ್ತೇನೆ ಅಂತ ದೇಶದ ಎಲ್ಲರ ಬಾಯಲ್ಲೂ ಅದನ್ನು ಹೇಳಿಸಬಾರದು ಅನ್ನುವಷ್ಟು ವಿವೇಕ ಅವರಿಗಿತ್ತು. ನಾನು ವಿಭೂತಿ ಹಚ್ಚುವವನಾಗಿ ಆ 68ರ ಕಡೆಗೇ ಕೈ ಎತ್ತುತ್ತಿದ್ದೆ.

ಬ್ರಾಡ್ಲಾನ ಕತೆಗೆ ಒಂದು ಬಾಲ ಇದೆ, ಅದು ನಿನಗೆ ಬೇಕಾದದ್ದು. 1891ರಲ್ಲಿ ಅವನು ತೀರಿಕೊಂಡಾಗ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಮಣ್ಣಿಗೆ ಹೋಗಿದ್ದರು. ವಾಪಸ್ ಬರುವಾಗ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ಹಿಡಿದುಕೊಂಡ. ಭೂಮಿಯ ಸುತ್ತಳತೆ ಇಷ್ಟು ಮೈಲಿ ಅಂತ ಒಪ್ಪುತ್ತೀರಲ್ಲ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಎಲ್ಲಿದ್ದಾನೆ ಅಂತ ಕೇಳಿದ. ನಮ್ಮಿಬ್ಬರ ಎದೆಯಲ್ಲೂ ಇದ್ದಾನೆ ಅಂದರು ಪಾದ್ರಿ. ನನ್ನನ್ನೇನು ಮಗು ಅಂದುಕೊಂಡಿರಾ ಅಂತ ಇವನು ಗೆದ್ದವನ ಹಾಗೆ ಸುತ್ತ ನೋಡಿದ. ಪಾದ್ರಿ ಸುಮ್ಮನಾದರು. ನೋಡುತ್ತ ನಿಂತಿದ್ದ ಗಾಂಧೀಜಿಗೆ ನಾಸ್ತಿಕತೆ ಮೇಲೆ ಇದ್ದ ಬೇಸರ ಇನ್ನೂ ಜಾಸ್ತಿ ಆಯಿತಂತೆ, ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ವಾದದಲ್ಲಿ ಗೆದ್ದವನು ಯಾರು, ಕಳೆದುಕೊಂಡವನು ಯಾರು, ನೀನೇ ನೋಡು.

ಹಾಗಾಗಿ ಭಾನುವಾರ ನಿನ್ನದು ಒಂದೇ ಸಾಲು. "ನನಗೆ ದೇವರಲ್ಲಿ ನಂಬಿಕೆ ಇಲ್ಲ, ಪೂಜೆ ಮಾಡುವುದಿಲ್ಲ, ನೀವು ಮಾಡುವುದಕ್ಕೆ ನನ್ನ ಅಡ್ಡಿಯಿಲ್ಲ." ಅವರು ಯಾಕೆ ಅಂತ ಕೇಳಿದರೆ ಹೇಳು, ಎಷ್ಟು ಕೇಳುತ್ತಾರೋ ಅಷ್ಟು. ಹುಡುಗನ ಅಮ್ಮ ತಿಪ್ಪೇರುದ್ರಸ್ವಾಮಿ ತಮ್ಮ ಮಗನನ್ನು ಜ್ವರದಲ್ಲಿ ಉಳಿಸಿಕೊಟ್ಟ ಕತೆ ಹೇಳುತ್ತಾರೆ, ನನಗೆ ಆಗಲೇ ಹೇಳಿದ್ದಾರೆ. ಆಗ ಡಾಕ್ಟರ ವಿಷಯ ಎತ್ತಬೇಡ. ನಿನ್ನ ಮಾತು ಅವರು ಕೇಳಬೇಕು ಅಂದರೆ ಅವರ ಮಾತು ನೀನೂ ಕೇಳಬೇಕಲ್ವಾ?

ನಿಮ್ಮಮ್ಮನ ಹೆದರಿಕೆ ಬೀಗರದ್ದು ಮಾತ್ರ ಅಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದ ಸುದ್ದಿ ಟಿವಿಯಲ್ಲಿ ಬಂದಾಗ ಅವಳು ಒಲೆ ಆರಿಸಿ ಬಂದು ಕೂತಿದ್ದಳು. ವಚನ ಸಾಹಿತ್ಯದಲ್ಲೇ ಆಯುಷ್ಯ ಕಳೆದವರು ಅವರು. ಅಂಥವರಿಗೇ ಹೀಗಾದರೆ ಅನ್ನುವುದು ಅವಳ ಲೆಕ್ಕ. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ 2023ರಲ್ಲಿ ಗಣಪತಿ ಪೂಜೆ ನಮ್ಮ ಪದ್ಧತಿಯಲ್ಲ ಅಂದಾಗ ಎದ್ದ ಗದ್ದಲವನ್ನೂ ನೋಡಿದ್ದಾಳೆ. ಕಾವಿ ಹಾಕಿದ ಸ್ವಾಮಿಗಳು ಅಂದರೂ ಜನ ಬಿಡಲಿಲ್ಲ, ನೀನು ಯಾವ ಲೆಕ್ಕ ಅನ್ನುತ್ತಾಳೆ. ಕಾನೂನಿನ ಕಡೆಯಿಂದ ನಾನೂ ಒಂದು ಸೇರಿಸುತ್ತೇನೆ: 1927ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಸೇರಿಸಿದ 295ಎ ಕಲಂ ಈಗ ಹೊಸ ನ್ಯಾಯ ಸಂಹಿತೆಯಲ್ಲಿ 299 ಆಗಿ ಹಾಗೇ ಇದೆ. ಬೇಕಂತಲೇ, ಕೆಟ್ಟ ಉದ್ದೇಶದಿಂದ ಧಾರ್ಮಿಕ ಭಾವನೆ ಕೆಣಕಿದರೆ ಅಪರಾಧ. ನನಗೆ ನಂಬಿಕೆ ಇಲ್ಲ ಅನ್ನುವುದು ಅದರೊಳಗೆ ಬರುವುದಿಲ್ಲ. ಆದರೆ ಬರುತ್ತದೆ ಅಂತ ದೂರು ಕೊಡುವವರು ಇದ್ದೇ ಇರುತ್ತಾರೆ. ಗೊತ್ತಿರಲಿ ಅಂತ ಹೇಳಿದೆ, ಬಾಯಿ ಮುಚ್ಚಿಸಲಿಕ್ಕಲ್ಲ.

ಈ ಊರಿಗೆ ನಿನ್ನಂಥವರು ಹೊಸಬರೂ ಅಲ್ಲ. ನಿಮ್ಮಜ್ಜ ಕಾಟನ್ ಮಿಲ್ಲಿನಲ್ಲಿದ್ದಾಗ ಕೆಂಬಾವುಟದ ಪಂಪಾಪತಿಯವರನ್ನು ಇದೇ ದಾವಣಗೆರೆ ಮೂರು ಸಲ ಶಾಸಕ ಮಾಡಿ ಕಳಿಸಿತು. ಓಟು ಹಾಕಿದವರಲ್ಲಿ ಮುಕ್ಕಾಲು ಪಾಲು ದುಗ್ಗಮ್ಮನಿಗೆ ಹರಕೆ ಹೊತ್ತವರೇ ಇದ್ದಾರು. ಅಜ್ಜನಂತೂ ಯೂನಿಯನ್ ಸಭೆಯಲ್ಲಿ ದೇವರಿಲ್ಲ ಅನ್ನೋ ಭಾಷಣಕ್ಕೆ ಚಪ್ಪಾಳೆ ತಟ್ಟಿ, ಮನೆಗೆ ಬಂದು ಲಿಂಗಪೂಜೆ ಮಾಡಿ ಉಣ್ಣುತ್ತಿದ್ದ. ಕೇಳಿದರೆ "ಅವ್ರ್ ಮಾತು ಅವ್ರದು, ನನ್ ಊಟ ನಂದು" ಅನ್ನೋನು.

ಇನ್ನು ಮದುವೆ. ಅವರು ಒಪ್ಪಿದರೆ ಮಂತ್ರ ಮಾಂಗಲ್ಯ, ಅಂದರೆ ಪುರೋಹಿತರಿಲ್ಲದ ಸರಳ ಮದುವೆ, ಇಟ್ಟುಕೊಳ್ಳಬಹುದು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿಸಿದರು. ಒಪ್ಪದಿದ್ದರೆ ಶಾಸ್ತ್ರ ಅವರ ಮನೆಯಲ್ಲಿ ಅವರು ಮಾಡಿಕೊಳ್ಳಲಿ, ನೀನು ಮಂತ್ರ ಹೇಳಬೇಕಿಲ್ಲ, ಆದರೆ ಮುಖ ಗಂಟು ಹಾಕಿಕೊಂಡು ನಿಲ್ಲಬೇಡ. ಲಗ್ನಪತ್ರಿಕೆಯಲ್ಲಿ ನಮ್ಮ ಕಡೆ "ದುಗ್ಗಮ್ಮ ಪ್ರಸನ್ನ" ಅಂತ ಹಾಕಿಸುತ್ತೇನೆ, ಅದು ನನ್ನ ಮತ್ತು ನಿಮ್ಮಮ್ಮನ ಮಾತು, ನಿನ್ನದಲ್ಲ. ತಕರಾರು ಮಾಡಬೇಡ. ರಿಜಿಸ್ಟರ್ ಅಂತೂ 1954ರ ವಿಶೇಷ ವಿವಾಹ ಕಾಯ್ದೆಯಲ್ಲೇ ಆಗಲಿ. ಅಲ್ಲಿ ಮೂವರು ಸಾಕ್ಷಿಗಳ ಮುಂದೆ ಇವಳು ನನ್ನ ಹೆಂಡತಿ, ಇವನು ನನ್ನ ಗಂಡ ಅಂತ ಒಪ್ಪಿಕೊಂಡರೆ ಆಯಿತು. ಅದಕ್ಕೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ಆಫೀಸಿನ ಬೋರ್ಡಿಗೆ ಹಾಕುತ್ತಾರೆ. ನೀನಿರುವುದು ಬೆಂಗಳೂರಿನಲ್ಲಿ, ಅಲ್ಲೇ ಕೊಡಬಹುದು. ವಿಳಾಸದ ದಾಖಲೆ, ಹುಟ್ಟಿದ ದಿನಾಂಕದ್ದು, ಫೋಟೋ ಎಲ್ಲ ಜೋಡಿಸಿಕೊಂಡು ಬಾ, ನಾನೊಮ್ಮೆ ನೋಡುತ್ತೇನೆ.

ಅವರು ಹತ್ತೂವರೆಗೆ ಬರುತ್ತಾರಂತೆ. ಈರುಳ್ಳಿ ಹಾಕಿದ ಅಡುಗೆ ಅವರಿಗೆ ನಡೆಯುತ್ತದಾ ಅಂತ ನಿಮ್ಮಮ್ಮ ಎರಡು ದಿನದಿಂದ ತಲೆ ತಿನ್ನುತ್ತಿದ್ದಾಳೆ. ಹುಡುಗನನ್ನು ಕೇಳಿ ಇವತ್ತೇ ತಿಳಿಸು.

ನಿನ್ನ ಅಪ್ಪಾಜಿ