ವಿರೋಧ ಪಕ್ಷಕ್ಕೆ ಊರಿಗೊಂದು ಮಾತು ಸಲ್ಲದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ, ಅಂದರೆ ಹೊಸ ಜನಗಣತಿಯಂತೆ ಸ್ಥಾನಗಳನ್ನು ಮತ್ತೆ ಹಂಚುವ ವಿಷಯದಲ್ಲಿ ಸರ್ಕಾರ ಏನು ಮಾಡಬೇಕು, ಏನು ಮಾಡಬಾರದು ಎಂದು ಅನೇಕರು ಬರೆದಿದ್ದಾರೆ. ದೇಶವನ್ನೇ ಉತ್ತರ, ದಕ್ಷಿಣ ಎಂದು ಎರಡಾಗಿ ನಿಲ್ಲಿಸಬಲ್ಲ ಇಂಥದೊಂದು ತೀರ್ಮಾನದ ಎದುರಿನಲ್ಲಿ ವಿರೋಧ ಪಕ್ಷದ ಕೆಲಸವೇನು ಎಂಬುದರ ಬಗ್ಗೆ ಮಾತ್ರ ಅಷ್ಟು ಚರ್ಚೆ ನಡೆದಂತೆ ನನಗೆ ಕಾಣಲಿಲ್ಲ. ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರನಾದ ನನಗೆ ಇದು ದೆಹಲಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ, ಏಕೆಂದರೆ ಜನಸಂಖ್ಯೆ ಹೆಚ್ಚು ಬೆಳೆಯದ ಕಾರಣಕ್ಕೆ ಸ್ಥಾನಗಳ ಪಾಲು ಕಡಿಮೆಯಾದೀತೆಂದು ದಕ್ಷಿಣದ ರಾಜ್ಯಗಳು ಹೆದರುತ್ತಿವೆ, ಅದು ನಮಗೆ ಈಗಾಗಲೇ ಆಗಿಹೋಗಿದೆ.

2008ಕ್ಕೆ ಮೊದಲು ಕೊಡಗಿಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. ಆ ವರ್ಷದ ಚುನಾವಣೆಯ ದಿನ ನಾನು ಎಂದಿನಂತೆ ನಮ್ಮೂರ ಶಾಲೆಗೆ ಮತ ಹಾಕಲು ಹೋದೆ. ಅದೇ ಕೊಠಡಿ, ಅದೇ ಬೆಂಚು. ಆದರೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಕ್ಷೇತ್ರದ ಹೆಸರಿನ ಎದುರು ಮಡಿಕೇರಿ ಎಂದಿತ್ತು. ನನ್ನ ಮುಂದೆ ನಿಂತಿದ್ದ ವಯಸ್ಸಾದ ರೈತರೊಬ್ಬರು ಆ ಹಾಳೆಯನ್ನು ಬೆರಳಿಟ್ಟು ಓದಿ, "ನಮ್ಮ ಸೋಮವಾರಪೇಟೆ ಎಲ್ಲಿ ಹೋಯ್ತು ಸಾರ್?" ಎಂದು ಮತಗಟ್ಟೆಯ ಅಧಿಕಾರಿಯನ್ನು ಕೇಳಿದರು. ಆ ಅಧಿಕಾರಿಯ ಬಳಿ ಉತ್ತರವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಉತ್ತರ ಇದ್ದದ್ದು ಜನಗಣತಿಯ ಅಂಕಿಗಳಲ್ಲಿ. 2001ರ ಗಣತಿಯಂತೆ ರಾಜ್ಯದ 224 ಕ್ಷೇತ್ರಗಳಿಗೆ ಸರಾಸರಿ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಕೊಡಗಿನ ಜನಸಂಖ್ಯೆ 5,48,561 ಇತ್ತು. ಆ ಲೆಕ್ಕಕ್ಕೆ ನಮಗೆ ಎರಡೇ ಕ್ಷೇತ್ರಗಳು ದಕ್ಕಿದವು. ಹತ್ತು ವರ್ಷಗಳ ನಂತರವೂ ನಾವು 5,54,519 ಮಂದಿಯಷ್ಟೇ ಆಗಿದ್ದೆವು. ಚಿಕ್ಕ ಸಂಸಾರ ಮಾಡಿಕೊಂಡು, ಮಕ್ಕಳನ್ನು ಓದಿಸಿ ಹೊರಗೆ ಕಳುಹಿಸಿದ ಜಿಲ್ಲೆ ಅದರ ಬೆಲೆಯನ್ನು ವಿಧಾನಸಭೆಯ ಒಂದು ಸ್ಥಾನದಲ್ಲಿ ತೆತ್ತಿತು. ಕ್ಷೇತ್ರ ಮರುವಿಂಗಡಣಾ ಆಯೋಗದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಆಯೋಗದ ಜೊತೆ ಕೂರುವ ಸಂಸದರು ಮತ್ತು ಶಾಸಕರು ಸಹ ಸದಸ್ಯರೇ ಹೊರತು ಅವರಿಗೆ ಅಲ್ಲಿ ಮತದ ಹಕ್ಕಿಲ್ಲ. ಆದೇಶ ಸದನದಲ್ಲಿ ಮಂಡನೆಯಾಗುತ್ತದೆ, ಆದರೆ ಸದನ ಅದರಲ್ಲಿ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಆದ್ದರಿಂದ ವಿರೋಧ ಪಕ್ಷ ಏನಾದರೂ ಮಾಡುವುದಿದ್ದರೆ ಆಯೋಗ ರಚನೆಯಾಗುವ ಮೊದಲು, ಕಾಯ್ದೆ ಸದನದಲ್ಲಿರುವಾಗಲೇ ಮಾಡಬೇಕು. ಆಮೇಲೆ ನಡೆಸುವ ಧರಣಿಗೆ ಪತ್ರಿಕೆಯಲ್ಲಿ ಚಿತ್ರ ಬರಬಹುದು, ಹೋದ ಕ್ಷೇತ್ರ ಬರುವುದಿಲ್ಲ.

ಕೊಡಗಿಗೆ ಈ ವಿಷಯದಲ್ಲಿ ತನ್ನದೇ ಆದ ಒಂದು ನೆನಪಿದೆ. 1952ರಲ್ಲಿ ಕೊಡಗು 24 ಸದಸ್ಯರ ಸ್ವಂತ ವಿಧಾನಸಭೆಯಿದ್ದ ಪ್ರತ್ಯೇಕ ರಾಜ್ಯವಾಗಿತ್ತು. ಮಡಿಕೇರಿಯ ಕೋಟೆಯಲ್ಲಿರುವ ಸಭಾಂಗಣವನ್ನು ಜನ ಇಂದಿಗೂ ಹಳೆಯ ವಿಧಾನ ಸಭಾಂಗಣವೆಂದೇ ಕರೆಯುತ್ತಾರೆ. ಅಂದಿನ ಚುನಾವಣೆಯಲ್ಲಿ ಸಿ.ಎಂ. ಪೂಣಚ್ಚನವರ ನೇತೃತ್ವದ ಕಾಂಗ್ರೆಸ್ ಮೈಸೂರಿನೊಡನೆ ವಿಲೀನದ ಪರವಾಗಿತ್ತು. ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ವಿಲೀನವನ್ನು ವಿರೋಧಿಸಿತ್ತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಮತಪೆಟ್ಟಿಗೆ ಇರುತ್ತಿದ್ದು, ಅದರ ಮೇಲೆ ಅವರ ಚಿಹ್ನೆ ಅಂಟಿಸಿರುತ್ತಿದ್ದರು. ನಮ್ಮಜ್ಜ ಕಾಂಗ್ರೆಸ್ಸಿನ ಜೋಡೆತ್ತಿನ ಪೆಟ್ಟಿಗೆಗೆ, ಅವರ ತಮ್ಮ ಚಿಕ್ಕಜ್ಜ ತಕ್ಕಡಿಯ ಪೆಟ್ಟಿಗೆಗೆ ಚೀಟಿ ಹಾಕಿದ್ದನ್ನು ಅಜ್ಜಿ ಹೇಳುತ್ತಿದ್ದರು. ಅಣ್ಣತಮ್ಮಂದಿರು ಕೆಲವು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ಆದರೆ ಅಕ್ಷರ ಬಾರದ ಅಜ್ಜಿಗೂ ಯಾವ ಪೆಟ್ಟಿಗೆಗೆ ಚೀಟಿ ಬಿದ್ದರೆ ಏನು ಅರ್ಥ ಎಂಬುದರಲ್ಲಿ ಸಂಶಯವಿರಲಿಲ್ಲ. ಕಾಂಗ್ರೆಸ್ಸಿಗೆ 15 ಸ್ಥಾನ ಬಂತು, ತಕ್ಕಡಿಗೆ 9. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ವಿಲೀನ ಸರಿಯೇ ತಪ್ಪೇ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಬೇಡವೆಂದವರು ಬೇಡವೆಂದು ಇಡೀ ಜಿಲ್ಲೆಗೆ ಒಂದೇ ಮಾತಿನಲ್ಲಿ ಹೇಳಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಹಾಗೆ ಹೇಳಲಾಗದ ಪಕ್ಷದ ಗತಿ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನಲ್ಲಿ ನೋಡಿದ್ದೇವೆ. ಐರೋಪ್ಯ ಒಕ್ಕೂಟದಿಂದ ಹೊರಬರಬೇಕೇ ಎಂದು 2016ರ ಜೂನ್ 23ರಂದು ಅಲ್ಲಿ ನಡೆದ ಜನಮತಗಣನೆಯಲ್ಲಿ ಸುಮಾರು ಶೇ 52ರಷ್ಟು ಮಂದಿ ಹೌದೆಂದರು, ಶೇ 48ರಷ್ಟು ಮಂದಿ ಬೇಡವೆಂದರು. ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷದ ಬಹುಪಾಲು ಮತದಾರರು ಒಕ್ಕೂಟದಲ್ಲೇ ಉಳಿಯಬೇಕೆಂದಿದ್ದರೂ ಅದರ ಹೆಚ್ಚಿನ ಕ್ಷೇತ್ರಗಳಲ್ಲಿ ಹೊರಬರಬೇಕು ಎಂದವರಿಗೇ ಬಹುಮತ ಬಂದಿತ್ತು. ನಿರ್ಗಮನದ ಪ್ರಕ್ರಿಯೆ ಆರಂಭಿಸುವ ಮಸೂದೆಗೆ 2017ರಲ್ಲಿ ಪಕ್ಷ ತನ್ನ ಸದಸ್ಯರಿಗೆ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಕೊಟ್ಟು ಬೆಂಬಲಿಸಿತು. ಆದರೂ 47 ಮಂದಿ ವಿಪ್ ಮೀರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಪಕ್ಷ ಇನ್ನೊಂದು ಜನಮತಗಣನೆಯ ಭರವಸೆ ಕೊಟ್ಟಿತು, ಅದರಲ್ಲಿ ತಾವು ತಟಸ್ಥರಾಗಿರುವುದಾಗಿ ನಾಯಕ ಜೆರೆಮಿ ಕಾರ್ಬಿನ್ ಹೇಳಿದರು. 2019ರ ಡಿಸೆಂಬರಿನಲ್ಲಿ ಪಕ್ಷಕ್ಕೆ ಬಂದದ್ದು 202 ಸ್ಥಾನ. 1935ರ ನಂತರ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು, ಆದರೆ ಆ ಪೆಟ್ಟಿಗೆಗೆ ಮತ ಹಾಕಿದರೆ ಏನು ಅರ್ಥ ಎಂಬುದು ಅಲ್ಲಿನ ಮತದಾರನಿಗೆ ತಿಳಿಯದೆ ಹೋಯಿತು ಎಂದೇ ನನ್ನ ತಿಳಿವಳಿಕೆ.

ನಮ್ಮಲ್ಲಿಯೂ ಅದೇ ದಾರಿ ಹಿಡಿದಂತೆ ಕಾಣುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು. "ಜನಸಂಖ್ಯೆ ಎಷ್ಟೋ ಅಷ್ಟು ಹಕ್ಕು" ಎಂಬ ಘೋಷಣೆಯನ್ನು ಕಾಂಗ್ರೆಸ್ಸಿನ ನಾಯಕ ರಾಹುಲ್ ಗಾಂಧಿಯವರು 2023ರ ಏಪ್ರಿಲ್‌ನಲ್ಲಿ ನಮ್ಮ ಕೋಲಾರದಲ್ಲೇ ಕೂಗಿದರು. 2025ರ ಮಾರ್ಚ್ 22ರಂದು ಮರುವಿಂಗಡಣೆಯ ಬಗ್ಗೆ ಚೆನ್ನೈಯಲ್ಲಿ ಸೇರಿದ ಸಭೆಯಲ್ಲಿ ಅದೇ ಪಕ್ಷದ ನಮ್ಮ ಅಂದಿನ ಉಪಮುಖ್ಯಮಂತ್ರಿಗಳು ಕುಳಿತಿದ್ದರು, ಆ ಸಭೆ ರಾಜ್ಯಗಳಿಗೆ ಸ್ಥಾನ ಹಂಚಲು ಅಂದು ಬಳಕೆಯಲ್ಲಿದ್ದ 1971ರ ಗಣತಿಯ ಆಧಾರವನ್ನೇ ಇನ್ನೂ 25 ವರ್ಷ ಮುಂದುವರಿಸಬೇಕೆಂದು ಕೇಳಿತು. ಮೊದಲನೆಯದು ಜಾತಿಗಣತಿಯ ಸಂದರ್ಭದ ಮಾತು ಎಂಬುದು ನನಗೆ ಗೊತ್ತು. ಆದರೂ ಹಂಚಿಕೆಗೆ ಒಂದು ಕಡೆ ಜನರ ಸಂಖ್ಯೆ ಆಧಾರವಾಗಬೇಕು, ಇನ್ನೊಂದು ಕಡೆ ಆಗಬಾರದು ಎನ್ನುವುದಾದರೆ ಅದಕ್ಕೆ ಕಾರಣವನ್ನು ಪಟ್ನಾದಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ರೀತಿ ಬಿಡಿಸಿ ಹೇಳುವುದು ಆ ಪಕ್ಷದ ಹೊಣೆ. ತನ್ನ ಸಂಸದ ನಮ್ಮ ಸಂಸದನಿಗಿಂತ ಲಕ್ಷಾಂತರ ಹೆಚ್ಚು ಜನರನ್ನು ಪ್ರತಿನಿಧಿಸುತ್ತಾನೆ ಎಂಬ ಬಿಹಾರದ ಮತದಾರನ ಅಳಲು ಸುಳ್ಳಲ್ಲ. ಅವನಿಗೂ ಉತ್ತರ ಸಿಗಬೇಕು.

ಇದಕ್ಕಿಂತ ಹೆಚ್ಚು ನೋವಾಗುವುದು ಕೈಗೆ ಬಂದ ಅವಕಾಶಗಳನ್ನು ಬಿಟ್ಟದ್ದಕ್ಕೆ. 2023ರ ಸೆಪ್ಟೆಂಬರಿನಲ್ಲಿ ಮಹಿಳಾ ಮೀಸಲಾತಿಯ ತಿದ್ದುಪಡಿ ಬಂದಾಗ ಅದರ ಜಾರಿಯನ್ನು ಮುಂದಿನ ಗಣತಿ ಮತ್ತು ಮರುವಿಂಗಡಣೆಗೆ ಕಟ್ಟಿಹಾಕಲಾಗಿತ್ತು. ವಿರೋಧ ಪಕ್ಷಗಳು ಅದನ್ನು ಆಕ್ಷೇಪಿಸಿದವು; ಲೋಕಸಭೆಯಲ್ಲಿ ಮಸೂದೆ 454 ಮತಗಳಿಂದ ಅಂಗೀಕಾರವಾಯಿತು, ವಿರುದ್ಧ ಬಿದ್ದದ್ದು ಎರಡೇ ಮತ. ಮಹಿಳಾ ಮೀಸಲಾತಿಗೆ ಮತ ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸಂವಿಧಾನದ ತಿದ್ದುಪಡಿಗೆ ಮೂರನೇ ಎರಡರಷ್ಟು ಮತ ಬೇಕಾದ್ದರಿಂದ ಸರ್ಕಾರಕ್ಕೆ ವಿರೋಧ ಪಕ್ಷಗಳ ಒಪ್ಪಿಗೆ ಅಂದು ನಿಜವಾಗಿಯೂ ಅಗತ್ಯವಾಗಿತ್ತು. ಸ್ಥಾನಗಳ ಹಂಚಿಕೆಯ ಸೂತ್ರವೇನು ಎಂಬುದನ್ನು ಬರವಣಿಗೆಯಲ್ಲಿ ಪಡೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ.

ರಾಜ್ಯದ ವಿರೋಧ ಪಕ್ಷವೂ ಇದಕ್ಕೆ ಹೊರತಲ್ಲ. 2024ರ ಜುಲೈ 25ರಂದು ನಮ್ಮ ವಿಧಾನಸಭೆ ಮರುವಿಂಗಡಣೆಯ ವಿರುದ್ಧ ನಿರ್ಣಯ ಅಂಗೀಕರಿಸಿದಾಗ ಬಿಜೆಪಿ ಸದಸ್ಯರು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನ ಹಂಚಿಕೆ ಪ್ರಕರಣಕ್ಕಾಗಿ ಸದನದ ಬಾವಿಯಲ್ಲಿ ಧರಣಿ ನಿರತರಾಗಿದ್ದರು. ಮುಡಾ ಚರ್ಚೆಗೆ ಅರ್ಹವಾದ ವಿಷಯವೇ. ಆದರೆ ಕರ್ನಾಟಕದ 28 ಲೋಕಸಭಾ ಸ್ಥಾನಗಳ ಭವಿಷ್ಯದ ಬಗ್ಗೆ ಒಪ್ಪಿಯೋ ಒಪ್ಪದೆಯೋ ಒಂದು ವಾದ ಅಂದು ಸದನದ ಕಡತ ಸೇರಬೇಕಿತ್ತು, ಗದ್ದಲದಲ್ಲಿ ಸೇರಲಿಲ್ಲ. ದಕ್ಷಿಣಕ್ಕೆ ಒಂದು ಸ್ಥಾನವೂ ನಷ್ಟವಾಗದು ಎಂದು ಕೇಂದ್ರ ಗೃಹ ಸಚಿವರು 2025ರ ಫೆಬ್ರುವರಿಯಲ್ಲಿ ಕೊಯಮತ್ತೂರಿನಲ್ಲಿ ಹೇಳಿದ್ದನ್ನು ಮಸೂದೆಯ ಭಾಷೆಗೆ ಇಳಿಸಿಕೊಡಿ ಎಂದು ದೆಹಲಿಯಲ್ಲಿರುವ ತಮ್ಮವರನ್ನೇ ಒತ್ತಾಯಿಸುವ ಶಕ್ತಿ ಇರುವುದು ಈ ಪಕ್ಷದ ಶಾಸಕರಿಗೆ. ಅದನ್ನು ಅವರು ಬಳಸಲಿ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಲೋಕಸಭೆಯ ಸ್ಥಾನಗಳನ್ನು ಯಾವ ವರ್ಷದ ಗಣತಿಯ ಮೇಲೆ, ಯಾವ ಸೂತ್ರದಂತೆ ಹಂಚಬೇಕೆಂಬುದು ನಿಮ್ಮ ನಿಲುವು, ಜನಸಂಖ್ಯೆ ಬೆಳೆಯದ ಕೊಡಗಿನಂಥ ಜಿಲ್ಲೆಗೆ ಅದರಲ್ಲಿ ಏನು ರಕ್ಷಣೆ ಎಂದು ನಮ್ಮ ಜಿಲ್ಲೆಯ ಎಲ್ಲ ಪಕ್ಷಗಳ ಅಧ್ಯಕ್ಷರಿಗೂ ತಮ್ಮ ಪತ್ರಿಕೆ ಬರೆದು ಕೇಳಲಿ. ಬಂದ ಉತ್ತರಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಮಾಡಿ. ಉತ್ತರಿಸದವರ ಪಕ್ಷದ ಹೆಸರಿನ ಕೆಳಗೆ ಜಾಗವನ್ನು ಖಾಲಿ ಬಿಡಿ.

ಇತಿ,
ಒಬ್ಬ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು